ಗೋಷ್ಠಿಗೆ ಬಾಗಿಲೋ, ಬೇಲಿಯೋ?

ನಮ್ಮ ಭೀಮನಬೀಡಿನ ಚರ್ಚಾಗೋಷ್ಠಿಯಲ್ಲಿ ಈಗ ಎರಡು ಪಕ್ಷಗಳು ಹುಟ್ಟಿರುವುವು. ಪದವೀಧರರಲ್ಲದವರನ್ನು ಸೇರಿಸಿಕೊಳ್ಳಕೂಡದು, ಸೇರಬಯಸುವವರಿಗೆ ಲಿಖಿತ ಪರೀಕ್ಷೆಯೊಂದನ್ನು ಇಡತಕ್ಕದ್ದು ಎಂಬುದು ಒಂದು. ಬಂದವರಿಗೆಲ್ಲ ಬಾಗಿಲನ್ನು ತೆರೆದಿಟ್ಟು, ಬರಿದಾಗುತ್ತಿರುವ ಚಾಪೆಗಳನ್ನು ಹೇಗಾದರೂ ತುಂಬಿಸಬೇಕೆಂಬುದು ಮತ್ತೊಂದು. ಮೊದಲನೆಯವರು ನನ್ನನ್ನು ತಮ್ಮವನೆಂದು ಎಣಿಸಿರುವಂತೆ ತೋರುತ್ತದೆ. ಸಂಸ್ಕೃತ ಪಾಠಶಾಲೆಯಲ್ಲಿ ಓದಿ, ಮೂವತ್ತು ವರ್ಷಗಳಿಗೆ ಮೇಲ್ಪಟ್ಟು ಪರೀಕ್ಷೆಗಳನ್ನೇ ನಡೆಸಿದ ಮೇಷ್ಟರು ಪರೀಕ್ಷೆಯನ್ನು ಬೇಡವೆನ್ನುವರೆ ಎಂಬುದು ಅವರ ತರ್ಕ. ಬೇಡವೆಂದು ಹೇಳುವುದಕ್ಕಾಗಿಯೇ ಇದನ್ನು ಬರೆಯುತ್ತಿರುವೆನು. ಇದನ್ನು ಕಂಡು ಎರಡನೆಯ ಪಕ್ಷದವರು ಹಿಗ್ಗಬೇಕಾದುದೂ ಇಲ್ಲ.

ಪರೀಕ್ಷಾವಾದಿಗಳ ಅಳಲು ಸುಳ್ಳಲ್ಲ. ಬಂಡೀಪುರದ ಕಾಡಿನ ಹೆದ್ದಾರಿಯಲ್ಲಿ ರಾತ್ರಿ 9 ರಿಂದ ಬೆಳಿಗ್ಗೆ 6 ರವರೆಗೆ ವಾಹನಸಂಚಾರವನ್ನು 2009 ರಲ್ಲಿ ನಿಷೇಧಿಸಿದುದು ಯುಕ್ತವೆ ಎಂಬ ವಿಷಯವನ್ನು ನಾವು ಚರ್ಚೆಗೆ ತೆಗೆದುಕೊಂಡ ದಿನ ಜಗಲಿಯ ಮೇಲೂ ಜನ ನಿಂತಿದ್ದರು. ಒಬ್ಬನ ಮಾತು ಮುಗಿಯುವುದಕ್ಕೆ ಮೊದಲೇ ಮೂವರು ಎದ್ದರು. ಆನೆಯ ಪರವಾಗಿ ಮಾತನಾಡಿದವನು ರೈತದ್ರೋಹಿಯಾದನು; ತರಕಾರಿಯ ಲಾರಿಯ ಪರವಾಗಿ ಮಾತನಾಡಿದವನು ಕೇರಳದ ವರ್ತಕರ ದಲ್ಲಾಳಿಯಾದನು. ಮುಂದಿನ ತಿಂಗಳು ಬಂದವರು ಏಳೇ ಮಂದಿ. ಗುಂಪು ಸೇರಿದ ಮಾತ್ರಕ್ಕೆ ಗೋಷ್ಠಿಗೆ ಜೀವ ಬಂತೆಂದು ತಿಳಿಯುವವರು ಈ ಏಳರ ಲೆಕ್ಕವನ್ನು ನೆನೆಯಲಿ.

ಆದರೆ ಅಂದಿನ ಗದ್ದಲದಲ್ಲಿ ಕೇಳಲು ಯೋಗ್ಯವಾದ ಮಾತನ್ನು ಆಡಿದವನು ಯಾರು? ನಾಲ್ಕನೆಯ ತರಗತಿಗೇ ಓದು ಬಿಟ್ಟ ಒಬ್ಬ ಲಾರಿ ಚಾಲಕ. ಸುಲ್ತಾನ್ ಬತ್ತೇರಿಗೆ ಟೊಮೇಟೊ ಸಾಗಿಸುತ್ತಿದ್ದವನು. ರಾತ್ರಿಯ ಹೊತ್ತು ದೀಪದ ಬೆಳಕು ಕಣ್ಣಿಗೆ ಬಿದ್ದರೆ ಜಿಂಕೆಯು ಓಡದೆ ನಿಂತುಬಿಡುವುದೆಂದೂ, ಹಾಗೆ ನಿಂತ ಒಂದನ್ನು ತಾನೇ ಕೊಂದಿರುವೆನೆಂದೂ ಹೇಳಿದನು. ನಿಷೇಧ ಬಂದಮೇಲೆ ಗೇಟಿನ ಬಳಿ ತಡೆದು ಒಂದು ಲೋಡು ಕೊಳೆತುಹೋದುದನ್ನೂ ಹೇಳಿದನು. ಎರಡು ನಷ್ಟವನ್ನೂ ಕಣ್ಣಾರೆ ಕಂಡವನು ಆ ಸಭೆಯಲ್ಲಿ ಅವನೊಬ್ಬನೇ. ಲಿಖಿತ ಪರೀಕ್ಷೆಯು ಮೊದಲು ಹೊರಗಟ್ಟುವುದು ಇವನನ್ನೇ ಅಲ್ಲವೆ! ನಮ್ಮ ಜಿಲ್ಲೆಯ ಯಳಂದೂರಿನ ಹೊನ್ನಮ್ಮನು ಚಿಕ್ಕದೇವರಾಯ ಒಡೆಯರ ಅರಮನೆಯಲ್ಲಿ ಎಲೆಯಡಕೆಯ ಸಂಚಿಯನ್ನು ಹಿಡಿದಿದ್ದವಳು. ಕೈಯಲ್ಲಿ ಸಂಚಿಯಿದ್ದವಳಿಗೆ ಕಾವ್ಯವೇಕೆ ಎಂದು ಅಂದಿನ ಪಂಡಿತರು ತಡೆದಿದ್ದರೆ 'ಹದಿಬದೆಯ ಧರ್ಮ' ಎಲ್ಲಿರುತ್ತಿತ್ತು?

ಶಾಸ್ತ್ರದ ಮಾತನ್ನು ಅವರೇ ಎತ್ತಿರುವುದರಿಂದ ನಾನೂ ಎತ್ತುವೆನು. ವಾದವನ್ನು ಯಾರೊಡನೆ ಮಾಡಬೇಕೆಂಬುದನ್ನು ಗೌತಮರ ನ್ಯಾಯಸೂತ್ರಗಳು ಹೇಳುವುವು: ಗುರು, ಶಿಷ್ಯ, ಸಹಪಾಠಿ, ಶ್ರೇಯಸ್ಸನ್ನು ಬಯಸುವವರು, ಇವರೆಲ್ಲರೂ ಅಸೂಯೆಯಿಲ್ಲದವರಾಗಿರಬೇಕು. ಅಸೂಯೆಯನ್ನು ಯಾವ ಪ್ರಶ್ನಪತ್ರಿಕೆಯಿಂದ ಅಳೆಯುವಿರಿ? ಸೋಲಿನ ಲಕ್ಷಣಗಳಾದ ನಿಗ್ರಹಸ್ಥಾನಗಳು 22. ಅವುಗಳಲ್ಲಿ ಒಂದನ್ನಾದರೂ ಬಾಗಿಲಲ್ಲಿ ನಿಲ್ಲಿಸಿ ಕೇಳುವುದಕ್ಕಾಗುವುದಿಲ್ಲ. ಮಾತು ನಡೆಯುತ್ತಿರುವಾಗಲೇ ಅವು ಹೊರಬೀಳತಕ್ಕವು. ಪ್ರತಿವಾದಿಯು ಮೂರು ಸಲ ಹೇಳಿ, ಸಭೆಗೂ ತಿಳಿದ ಮಾತನ್ನು ಮರಳಿ ಹೇಳಲಾರದವನು ಸೋತನು, ಇದು ಅನನುಭಾಷಣ. ತಾನು ಮೂರು ಸಲ ಹೇಳಿದರೂ ಸಭೆಗೆ ಅರ್ಥವಾಗದಂತೆ ಮಾತನಾಡಿದವನೂ ಸೋತನು, ಇದು ಅವಿಜ್ಞಾತಾರ್ಥ. ಜಲ್ಪವಿತಂಡೆಗಳನ್ನು ಗೌತಮರು ಮೊಳಕೆಯನ್ನು ಕಾಯುವ ಮುಳ್ಳುಬೇಲಿಗೆ ಹೋಲಿಸಿರುವುದೂ ಉಂಟು. ನಮ್ಮ ಪರೀಕ್ಷಾವಾದಿಗಳು ಹಾಕಹೊರಟಿರುವ ಬೇಲಿಯಾದರೋ ಒಕ್ಕಲಿಗನೇ ತನ್ನ ಹೊಲಕ್ಕೆ ಹೋಗಲಾರದಂತಹುದು. (ಹಳೆಯ ವಾಕ್ಯಾರ್ಥಸಭೆಗಳ ಬಾಗಿಲು ಎಷ್ಟು ಜಾತಿಗಳಿಗೆ, ಎಷ್ಟು ಹೆಂಗಸರಿಗೆ ಮುಚ್ಚಿತ್ತೆಂಬುದನ್ನು ನಾನು ಮರೆತಿಲ್ಲ. ಅಲ್ಲಿಯ ನಿಯಮವನ್ನು ತೆಗೆದುಕೊಳ್ಳೋಣ, ಅಗಣಿಯನ್ನಲ್ಲ.)

ಆದುದರಿಂದ ನನ್ನ ಸೂಚನೆ ಇಷ್ಟು. ಯಾರು ಬೇಕಾದರೂ ಬಂದು ಕುಳಿತುಕೊಳ್ಳಲಿ. ಮಾತಿಗೆ ಎದ್ದವನು ಮೊದಲು ಹಿಂದಿನವನ ಅಭಿಪ್ರಾಯವನ್ನು ಹೇಳಲಿ. "ಹೌದು, ನಾನು ಹೇಳಿದುದು ಇದೇ" ಎಂದು ಆತನು ಒಪ್ಪಿದಮೇಲೆ ಖಂಡಿಸಲಿ. ಮೂರು ಸಲವೂ ತಪ್ಪಿದವನು ಮುಂದಿನ ತಿಂಗಳವರೆಗೆ ಶ್ರೋತೃವಾಗಿರತಕ್ಕದ್ದು. ಮೂರು ಸಲ ಹೇಳಿಯೂ ಸಭೆಗೆ ತಿಳಿಯಪಡಿಸಲಾರದ ವಿದ್ವಾಂಸನಿಗೂ ಅದೇ ವಿಧಿ. ಈ ಕಡೆಯ ಮಾತನ್ನು ಕೇಳಿದೊಡನೆ ಪದವೀಧರ ಮಿತ್ರರ ಮುಖಗಳು ಬಾಡಿದುವು. ಅವರು ಸಮಾಧಾನ ಪಡಲಿ. ಕಳೆದ ತಿಂಗಳು ಇದನ್ನು ಪ್ರಯೋಗಿಸಿ ನೋಡಿದಾಗ ಮೊದಲು ಬಿದ್ದವನು ನಾನೇ. ವ್ಯಾಪ್ತಿ, ಉಪಾಧಿ ಎಂದು ಕಾಲು ಗಂಟೆ ಹೇಳಿದೆನು. ಹಿಂದಿನ ಚಾಪೆಯಿಂದ ಒಬ್ಬಾಕೆ "ಮೇಷ್ಟ್ರೇ, ಒಂದೂ ತಿಳಿಯಲಿಲ್ಲ" ಎಂದಳು. ಕುಳಿತುಕೊಂಡೆನು.

ಹೀಗಾದರೆ ಚರ್ಚೆಯು ನಿಧಾನವಾಗುವುದು, ಬರುವವರು ಕಡಿಮೆಯಾಗುವರು ಎಂದು ಎರಡನೆಯ ಪಕ್ಷದವರು ಹೇಳುತ್ತಾರೆ. ನಿಧಾನವಾಗುವುದು ನಿಜ. ಕೂಗುವುದಕ್ಕೆಂದೇ ಬಂದವರು ಬಿಟ್ಟುಹೋಗುವುದೂ ನಿಜ, ಹೋಗಲಿ. ಉಳಿದವರನ್ನು ಹಿಡಿದಿಡತಕ್ಕದ್ದು ವಿಷಯ. ಕಾವ್ಯಪ್ರಯೋಜನವನ್ನು ವರ್ಷಕ್ಕೆ ನಾಲ್ಕು ಸಲ ಚರ್ಚಿಸುವ ಗೋಷ್ಠಿಗೆ ಹಂದಿಯಿಂದ ಹೊಲ ಕಾಯುವವನು ನಿದ್ರೆಗೆಟ್ಟು ಏಕೆ ಬಂದಾನು? ಬಣ್ಣದ ಕಾರ್ಖಾನೆಗೆ ಚೆಂಡುಹೂ ಬೆಳೆಯುವ ಕರಾರಿನಿಂದ ಲಾಭ ಯಾರಿಗೆ, ಬತ್ತಿದ ಕೊಳವೆಬಾವಿಯ ಪಕ್ಕದಲ್ಲಿ ಮತ್ತೊಂದನ್ನು ಕೊರೆಯಿಸುವುದು ಸರಿಯೆ ಎಂದು ಕೇಳಿ ನೋಡಿರಿ.

ಇಷ್ಟಾದರೂ ಪ್ರವೇಶಪರೀಕ್ಷೆಯೇ ಆಗಬೇಕೆಂದು ಮುಂದಿನ ಸಭೆಯಲ್ಲಿ ಬಹುಮತವಾದರೆ ನಾನು ರಾಜೀನಾಮೆ ಕೊಡುವುದಿಲ್ಲ. ಮೊದಲು ನಾನೇ ಅದಕ್ಕೆ ಕುಳಿತುಕೊಳ್ಳುವೆನು; ಪ್ರಶ್ನಪತ್ರಿಕೆಯನ್ನು ಮಾತ್ರ ಆ ಲಾರಿ ಚಾಲಕನು ತೆಗೆಯಲಿ.