ಊಟದೊಡನೆ ಆಟವೂ ಬೇಕು



2002ರಲ್ಲಿ ಆರಂಭಗೊಂಡ ಅಕ್ಷರ ದಾಸೋಹದ ಬಿಸಿಯೂಟವೂ, 2013ರಲ್ಲಿ ಬಂದ ಕ್ಷೀರಭಾಗ್ಯದ ಹಾಲೂ, ತರುವಾಯ ಸೇರಿದ ಮೊಟ್ಟೆ, ಬಾಳೆಹಣ್ಣು, ರಾಗಿ ಮಾಲ್ಟುಗಳೂ ನಮ್ಮ ಸರ್ಕಾರಿ ಶಾಲೆಗಳ ಮಕ್ಕಳ ಹಸಿವನ್ನು ನೀಗಿಸುವುದರಲ್ಲಿ ಮಹದುಪಕಾರವನ್ನೆಸಗಿರುವುದು ನಿರ್ವಿವಾದವಾದ ಸಂಗತಿ. ಆದರೆ ಉಣಿಸುವುದರೊಡನೆ ಆಡಿಸುವುದೂ ವಿದ್ಯಾಭ್ಯಾಸದ ಅಂಗವೆಂಬುದನ್ನು ನಾವು ಮರೆತಂತಿದೆ. ದೈಹಿಕ ಶಿಕ್ಷಣಕ್ಕೆ ಮೀಸಲಾದ ಅವಧಿಯು ಪರೀಕ್ಷೆ ಸಮೀಪಿಸಿದೊಡನೆ ಗಣಿತಕ್ಕೋ ವಿಜ್ಞಾನಕ್ಕೋ ಸಲ್ಲುವುದೂ, ನಗರಗಳಲ್ಲಿ ಎಷ್ಟೋ ಶಾಲೆಗಳು ಅಂಗಳವೇ ಇಲ್ಲದ ಕಟ್ಟಡಗಳಲ್ಲಿ ನಡೆಯುವುದೂ ನಿತ್ಯದ ನೋಟವಾಗಿದೆ. ಅಧಿಕ ಕೊಬ್ಬು, ಉಪ್ಪು, ಸಕ್ಕರೆಯುಳ್ಳ ತಿನಿಸುಗಳನ್ನು ಶಾಲೆಯ ಆವರಣದಲ್ಲಾಗಲಿ, ಅದರ ಬಾಗಿಲಿನಿಂದ 50 ಮೀಟರುಗಳೊಳಗಾಗಲಿ ಮಾರಕೂಡದೆಂದು ಭಾರತೀಯ ಆಹಾರ ಸುರಕ್ಷತಾ ಪ್ರಾಧಿಕಾರವು 2020ರಲ್ಲಿಯೇ ವಿಧಿಸಿದ್ದರೂ, ಕುರುಕಲು ತಿಂಡಿಯ ಪೊಟ್ಟಣಗಳು ಶಾಲೆಯ ಗೇಟಿನೆದುರಿಗೇ ತೂಗಾಡುತ್ತಿವೆ.

ಆದಕಾರಣ ಪ್ರತಿದಿನವೂ ಒಂದು ಅವಧಿಯ ಆಟವನ್ನು ಅನುಲ್ಲಂಘನೀಯವೆಂದು ಸಾರಬೇಕು. ದೈಹಿಕ ಶಿಕ್ಷಕರ ತೆರವಾದ ಹುದ್ದೆಗಳನ್ನು ಅವಿಲಂಬವಾಗಿ ತುಂಬಬೇಕು. ಮಕ್ಕಳ ಎತ್ತರ, ತೂಕ, ರಕ್ತಹೀನತೆಗಳ ತಪಾಸಣೆಯ ಫಲವನ್ನು ತಾಯಿತಂದೆಯರಿಗೆ ತಿಳಿಯಪಡಿಸಬೇಕು. 50 ಮೀಟರಿನ ನಿಯಮದ ಪಾಲನೆಯನ್ನು ಶಾಲಾಭಿವೃದ್ಧಿ ಸಮಿತಿಗಳೂ ಸ್ಥಳೀಯ ಸಂಸ್ಥೆಗಳೂ ತಮ್ಮ ಹೊಣೆಯೆಂದು ಭಾವಿಸಬೇಕು. ದೃಢಕಾಯವನ್ನು ನಿರ್ಲಕ್ಷಿಸಿದ ಶಿಕ್ಷಣವು ಅಪೂರ್ಣವೆಂಬುದನ್ನು ಶಿಕ್ಷಣ ಇಲಾಖೆಯು ಮನಗಾಣಲೆಂದು ವಿನಯಪೂರ್ವಕವಾಗಿ ಪ್ರಾರ್ಥಿಸುತ್ತೇನೆ.

ಇತಿ,
ಓರ್ವ ನಿವೃತ್ತ ಉಪಾಧ್ಯಾಯ, ತುಮಕೂರು