ಲೆಕ್ಕಕ್ಕಿಲ್ಲದ ಕಥೆಗಳ ಲೆಕ್ಕ

ಕಳೆದ ಮಳೆಗಾಲದ ಒಂದು ಭಾನುವಾರ. ಶಿರಸಿಯಲ್ಲಿ ಬಲಿಪೂಜೆ ಮುಗಿದು ಜನರು ದೇವಾಲಯದ ಜಗಲಿಯ ಮೇಲೆ ಮಳೆ ಬಿಡುವುದನ್ನೇ ಕಾಯುತ್ತ ನಿಂತಿದ್ದರು. ಪರಿಚಯದ ತಾಯಿಯೊಬ್ಬರು ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದರು: "ಮಾಸ್ತರರೇ, ನಮ್ಮ ಹುಡುಗ ಪಿ.ಯು.ಸಿ.ಗೆ ಬಂದ. ಪಠ್ಯಪುಸ್ತಕ ಮುಟ್ಟುವುದಿಲ್ಲ. ಆಕಾಶದಲ್ಲಿ ಯುದ್ಧ ಮಾಡುವವರ ಇಂಗ್ಲಿಷ್ ಕಾದಂಬರಿಗಳನ್ನು ನಡುರಾತ್ರಿಯವರೆಗೆ ಓದುತ್ತಾನೆ. ಅವನ ಅಪ್ಪ ಅವನ್ನೆಲ್ಲ ಒಲೆಗೆ ಹಾಕುತ್ತೇನೆ ಎನ್ನುತ್ತಿದ್ದಾರೆ. ಅದರಲ್ಲಿ ಯಾವುದೋ ಶಕ್ತಿಯನ್ನು ದೇವರಂತೆ ನಂಬುತ್ತಾರಂತೆ. ಅಂಥದ್ದನ್ನು ಓದುವುದು ಪಾಪವೇ?"

ಯಾವ ಕಾದಂಬರಿಗಳೆಂದು ವಿಚಾರಿಸಿದೆ. 'ಸ್ಟಾರ್ ವಾರ್ಸ್' ಚಲನಚಿತ್ರಗಳ ಕಥೆಯನ್ನು ಮುಂದುವರಿಸಿ ಬರೆದ ಪುಸ್ತಕಗಳು! ನನಗೆ ನಗುವೂ ಬಂತು, ಸ್ವಲ್ಪ ನಾಚಿಕೆಯೂ ಆಯಿತು. ಏಕೆಂದರೆ ಅಂಥವೇ ಪುಸ್ತಕಗಳ ಒಂದು ಟ್ರಂಕು ನನ್ನ ಮನೆಯ ಅಟ್ಟದ ಮೇಲಿದೆ. "ಪಾಪವಲ್ಲ, ಸುಡಬೇಡಿ ಎಂದು ಹೇಳಿ" ಎಂದಷ್ಟೇ ಹೇಳುವುದರೊಳಗೆ ಮಳೆ ನಿಂತಿತು, ಅವರು ಬಸ್ಸಿಗೆ ಹೊರಟರು. ಅರ್ಧಕ್ಕೆ ನಿಂತ ಆ ಉತ್ತರವನ್ನು ಇಲ್ಲಿ ಪೂರ್ತಿ ಮಾಡುವುದು ನನ್ನ ಉದ್ದೇಶ. ಆ ತಾಯಿಯಂತೆ ಚಿಂತಿಸುವ ಪೋಷಕರು ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಇನ್ನೂ ಇರಬಹುದು.

ಮೊದಲಿಗೆ ನನ್ನ ತಪ್ಪೊಪ್ಪಿಗೆ. 1990ರ ದಶಕದ ಆರಂಭದಲ್ಲಿ ನಾನು ಯಲ್ಲಾಪುರದ ಬಳಿಯ ಶಾಲೆಯೊಂದರಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಸಂಜೆಯಾದರೆ ಕತ್ತಲೆ, ಮಳೆ, ಕಪ್ಪೆಗಳ ಕೂಗು; ಬೇರೆ ಮನರಂಜನೆ ಇರಲಿಲ್ಲ. ರಜೆಗೆ ಊರಿಗೆ ಬಂದ ಮುಂಬಯಿಯ ಬಂಧುವೊಬ್ಬರು ತಾವು ಓದಿ ಮುಗಿಸಿದ ಒಂದು ಕಾದಂಬರಿಯನ್ನು ಬಿಟ್ಟುಹೋದರು. ತಿಮೊಥಿ ಜಾನ್ ಎಂಬ ಅಮೆರಿಕದ ಲೇಖಕರು ಬರೆದ, 1991ರಲ್ಲಿ ಪ್ರಕಟವಾದ 'ಏರ್ ಟು ದಿ ಎಂಪೈರ್' ಅದು. ಸಿನಿಮಾವನ್ನು ಹಿಂದೊಮ್ಮೆ ವಿಡಿಯೋ ಕ್ಯಾಸೆಟ್ಟಿನಲ್ಲಿ ನೋಡಿದ್ದೆ. ಪುಸ್ತಕ ಕೈಗೆತ್ತಿಕೊಂಡ ರಾತ್ರಿ ಕಂದೀಲಿನ ಎಣ್ಣೆ ತೀರುವವರೆಗೂ ಓದಿದೆ.

ಈ ಪುಸ್ತಕಗಳ ಇತಿಹಾಸ ಸ್ವಾರಸ್ಯಕರವಾದುದು. ಮೊದಲ ಚಲನಚಿತ್ರ ತೆರೆಕಂಡದ್ದು 1977ರ ಮೇ ತಿಂಗಳಲ್ಲಿ. ಆದರೆ ಅದರ ಕಾದಂಬರಿರೂಪ 1976ರ ಕೊನೆಗೇ ಅಂಗಡಿಗೆ ಬಂದಿತ್ತು. ಮುಖಪುಟದಲ್ಲಿದ್ದದ್ದು ನಿರ್ದೇಶಕ ಜಾರ್ಜ್ ಲ್ಯೂಕಾಸರ ಹೆಸರು. ನಿಜವಾಗಿ ಬರೆದವರು ಅಲನ್ ಡೀನ್ ಫಾಸ್ಟರ್. ಸಿನಿಮಾ ಸೋತರೆ ಕಡಿಮೆ ಖರ್ಚಿನಲ್ಲಿ ಮುಂದಿನ ಭಾಗ ತೆಗೆಯಲು ಅನುಕೂಲವಾಗಲೆಂದು ಅವರಿಂದಲೇ ಇನ್ನೊಂದು ಕಾದಂಬರಿಯನ್ನೂ ಬರೆಸಲಾಯಿತು. ಅದು 1978ರಲ್ಲಿ ಪ್ರಕಟವಾಯಿತು. ಸಿನಿಮಾ ಸೋಲಲಿಲ್ಲ. 1983ರಲ್ಲಿ ಮೂರನೆಯ ಚಿತ್ರದೊಂದಿಗೆ ಕಥೆ ಮುಗಿಯಿತೆಂದು ಎಲ್ಲರೂ ಭಾವಿಸಿದ್ದರು. ಎಂಟು ವರ್ಷಗಳ ತರುವಾಯ ಜಾನ್ ಅವರ ಕಾದಂಬರಿ ಬಂದು 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯ ಮಾರಾಟಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಆ ಬಳಿಕ ಇಂಥ ಕಾದಂಬರಿಗಳು ಹೊಳೆಯಂತೆ ಹರಿದುಬಂದವು.

ಇವುಗಳಲ್ಲಿ ನನಗೆ ದೊರೆತ ಸುಖವಾದರೂ ಏನು? ಸಿನಿಮಾದಲ್ಲಿ ಎರಡು ನಿಮಿಷ ಮಾತ್ರ ಸುಳಿದು ಹೋಗುವವನಿಗೆ ಕಾದಂಬರಿಯಲ್ಲಿ ಮನೆಯಿದೆ, ತಾಯಿಯಿದ್ದಾಳೆ, ತೀರದ ಸಾಲವಿದೆ. ಯುದ್ಧ ಗೆದ್ದ ಮರುದಿನ ರಾಜ್ಯ ನಡೆಸುವುದು ಎಷ್ಟು ಕಷ್ಟ ಎಂಬುದನ್ನು ಸಿನಿಮಾ ಹೇಳುವುದಿಲ್ಲ, ಕಾದಂಬರಿ ಹೇಳುತ್ತದೆ. ಜಾನ್ ಸೃಷ್ಟಿಸಿದ ಥ್ರಾನ್ ಎಂಬ ಸೇನಾನಿ ವೈರಿಪಕ್ಷದವನು. ಆದರೆ ಅವನು ಕೇವಲ ರಾಕ್ಷಸನಲ್ಲ. ಒಂದು ಜನಾಂಗದೊಂದಿಗೆ ಹೋರಾಡುವ ಮೊದಲು ಆ ಜನಾಂಗದ ಚಿತ್ರಕಲೆ, ಶಿಲ್ಪಗಳನ್ನು ಅಭ್ಯಾಸ ಮಾಡಿ, ಅವರ ಮನಸ್ಸು ಎಲ್ಲಿ ಎಡವುತ್ತದೆಂದು ಕಂಡುಕೊಳ್ಳುತ್ತಾನೆ. ಕಲೆಯಿಂದ ಜನರನ್ನು ಅರಿಯಬಹುದು ಎಂಬ ಮಾತನ್ನು ಮೇಷ್ಟರಾದ ನಾನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೆ. ಆ ಅರಿವನ್ನು ಕೊಲ್ಲುವುದಕ್ಕೂ ಬಳಸಬಹುದು ಎಂದು ನನಗೆ ಹೊಳೆದದ್ದು ಈ ಪುಸ್ತಕದಿಂದ.

ಇದು ನಮಗೆ ಪರಕೀಯವಾದ ರುಚಿಯೇ? ಖಂಡಿತ ಅಲ್ಲ. ನಮ್ಮ ಘಟ್ಟದ ಮೇಲಿನ ಊರುಗಳಲ್ಲಿ ಮಳೆಗಾಲದ ರಾತ್ರಿ ತಾಳಮದ್ದಳೆ ಕೇಳಿದವರಿಗೆ ಈ ರುಚಿ ಹುಟ್ಟಿನಿಂದಲೇ ಗೊತ್ತು. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹೇಳುತ್ತಾರೆ. ಅರ್ಥಧಾರಿಯು ಕರ್ಣನಾಗಿ, ಕೌರವನಾಗಿ ಕುಳಿತಲ್ಲೇ ವಾದಿಸುತ್ತಾನೆ. ಕಥೆಯ ಕೊನೆ ಏನೆಂದು ಮಕ್ಕಳಿಗೂ ಗೊತ್ತು. ಆದರೂ ಸಿದ್ದಾಪುರದ ಕಡೆಯ ಅಡಿಕೆ ತೋಟದ ಮನೆಯೊಂದರ ಅಂಗಳದಲ್ಲಿ ಜನ ಬೆಳಗಿನ ಜಾವದವರೆಗೆ ಕೂತದ್ದನ್ನು ನಾನು ಕಂಡಿದ್ದೇನೆ. ಈ ರಾತ್ರಿಯ ಕರ್ಣ ಹೊಸದೇನು ಹೇಳುತ್ತಾನೆ ಎಂಬುದೇ ಅವರ ಕುತೂಹಲ.

ಇನ್ನೂ ಹಿಂದಕ್ಕೆ ಹೋಗೋಣ. ಕುಮಾರವ್ಯಾಸನು ಭಾರತದ ಮೊದಲ ಹತ್ತು ಪರ್ವಗಳನ್ನು ಮಾತ್ರ ಕನ್ನಡದಲ್ಲಿ ಬರೆದ. ಉಳಿದುದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣಕವಿ ಪೂರೈಸಿದ. ಲಕ್ಷ್ಮೀಶನ 'ಜೈಮಿನಿ ಭಾರತ'ವಂತೂ ಪಾಂಡವರ ಅಶ್ವಮೇಧದ ಕುದುರೆಯ ಹಿಂದೆ ಹೋಗಿ ಸುಧನ್ವನನ್ನೂ ಚಂದ್ರಹಾಸನನ್ನೂ ನಮ್ಮ ಮುಂದೆ ತಂದು ನಿಲ್ಲಿಸಿತು. ವ್ಯಾಸಭಾರತದಲ್ಲಿ ಈ ಇಬ್ಬರ ಕಥೆಗಳಿಲ್ಲ. ಇಲ್ಲವೆಂದು ಯಾರಾದರೂ 'ಸುಧನ್ವಾರ್ಜುನ' ಪ್ರಸಂಗದ ಆಟದಿಂದ ಎದ್ದುಹೋದರೇ? ಮೂಲಕಥೆ ಮುಗಿದರೂ ಕೇಳುವವನ ಹಸಿವು ಮುಗಿಯುವುದಿಲ್ಲ. ಆ ಹಸಿವನ್ನು ತಣಿಸಲು ಹೊಸ ಕವಿ ಬರುತ್ತಾನೆ. ಬಾಹ್ಯಾಕಾಶದ ಕಾದಂಬರಿಗಳ ಹಿಂದಿರುವುದೂ ಇದೇ ಹಸಿವು.

ಆದರೆ ಒಂದು ವ್ಯತ್ಯಾಸವಿದೆ, ಅದನ್ನು ಮುಚ್ಚಿಡಬಾರದು. ಸುಧನ್ವ ಯಾರ ಆಸ್ತಿಯೂ ಅಲ್ಲ. ಇಲ್ಲಿಯ ಪಾತ್ರಗಳಾದರೋ ಒಂದು ಸಂಸ್ಥೆಯ ಸೊತ್ತು. 2012ರಲ್ಲಿ ಡಿಸ್ನಿ ಸಂಸ್ಥೆಯು ಲ್ಯೂಕಾಸರ ಸಂಸ್ಥೆಯನ್ನು ಸುಮಾರು 400 ಕೋಟಿ ಡಾಲರಿಗೆ ಕೊಂಡುಕೊಂಡಿತು. ಹೊಸ ಚಿತ್ರಗಳನ್ನು ತೆಗೆಯಲು ಹಳೆಯ ಕಾದಂಬರಿಗಳು ಅಡ್ಡಿಯಾಗಬಾರದೆಂದು 2014ರ ಏಪ್ರಿಲ್ 25ರಂದು ಒಂದು ಪ್ರಕಟಣೆ ಹೊರಟಿತು. ಅಲ್ಲಿಯವರೆಗಿನ ಕಾದಂಬರಿಗಳ ಕಥೆಗಳನ್ನು ಇನ್ನು ಮುಂದೆ 'ಲೆಜೆಂಡ್ಸ್', ಅಂದರೆ ದಂತಕಥೆಗಳು, ಎಂಬ ಹೆಸರಿನಲ್ಲಿ ಮಾರಲಾಗುವುದು. ಅವು ಅಧಿಕೃತ ಕಥೆಯ ಭಾಗವಲ್ಲ ಎಂಬುದು ಅದರ ಸಾರಾಂಶ.

ಈ ಸುದ್ದಿಯನ್ನು ನನಗೆ ತಿಳಿಸಿದವನು ನನ್ನ ಅಕ್ಕನ ಮಗ. "ಮಾವ, ನೀನು ಇಪ್ಪತ್ತು ವರ್ಷ ಓದಿದ್ದೆಲ್ಲ ಲೆಕ್ಕಕ್ಕಿಲ್ಲವಂತೆ" ಎಂದು ನಕ್ಕ. ನಾನೂ ನಕ್ಕೆ. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ. 1999ರ ಒಂದು ಕಾದಂಬರಿಯಲ್ಲಿ ಚ್ಯೂಬಾಕಾ ಎಂಬ ಪ್ರಾಮಾಣಿಕ ಜೀವಿ, ಗೆಳೆಯನ ಮಗನನ್ನು ಪಾರುಮಾಡಿ ತಾನು ಸಾಯುತ್ತಾನೆ. ಅದನ್ನು ನಾನು ಓದಿದ್ದು ನನ್ನ ತಂದೆ ತೀರಿಕೊಂಡ ವರ್ಷ. ತಂದೆಯ ಮಣ್ಣಿನ ದಿನ ಬಾರದ ಕಣ್ಣೀರು ಆ ಪುಟದಲ್ಲಿ ಬಂದಿತ್ತು. ಹಾಗಾದರೆ ಆ ಕಣ್ಣೀರೂ ಲೆಕ್ಕಕ್ಕಿಲ್ಲವೇ? ಮರುದಿನ ಸಿಟ್ಟಿನಿಂದ ಪುಸ್ತಕಗಳನ್ನೆಲ್ಲ ಟ್ರಂಕಿಗೆ ತುಂಬಿ, ತೇವದ ಕೋಣೆಯ ಮೂಲೆಗೆ ತಳ್ಳಿದೆ. ಎರಡು ಮಳೆಗಾಲ ಕಳೆದ ಮೇಲೆ ತೆರೆದು ನೋಡಿದರೆ ಅರ್ಧಕ್ಕರ್ಧ ಪುಸ್ತಕಗಳಿಗೆ ಬೂಷ್ಟು ಹಿಡಿದಿತ್ತು. ಉಳಿದವನ್ನು ಬಿಸಿಲಿಗೆ ಹಾಕಿ, ಒಲೆಯ ಹೊಗೆ ತಾಗುವ ಅಟ್ಟಕ್ಕೆ ಏರಿಸಿದೆ.

ಅಧಿಕೃತ ಕಥೆಗೆ ಈ ಓದುಗರು ಬಳಸುವ ಪದ 'ಕ್ಯಾನನ್'. ಇದು ನಮಗೆ ಹೊಸದಲ್ಲ. ಅಳತೆಗೋಲು ಎಂಬ ಅರ್ಥದ ಗ್ರೀಕ್ ಮೂಲದ ಈ ಪದವನ್ನು ಪವಿತ್ರಗ್ರಂಥದ ಪುಸ್ತಕಗಳ ಪಟ್ಟಿಗೆ ಧರ್ಮಸಭೆ ಶತಮಾನಗಳಿಂದ ಬಳಸುತ್ತ ಬಂದಿದೆ. 1546ರಲ್ಲಿ ಟ್ರೆಂಟ್ ಮಹಾಸಭೆಯು ಆ ಪಟ್ಟಿಯನ್ನು ವಿಧಿವತ್ತಾಗಿ ಘೋಷಿಸಿತು. ಇಂಥ ಗಂಭೀರವಾದ ಪದವು ಸಿನಿಮಾ ಅಭಿಮಾನಿಗಳ ಬಾಯಲ್ಲಿ ಸಿಕ್ಕಿದ್ದಕ್ಕೆ ಕೆಲವರಿಗೆ ಬೇಸರವಾಗಬಹುದು. ನನಗೆ ಮಾತ್ರ ಇದರಿಂದಲೇ ಸಮಾಧಾನ ದೊರೆಯಿತು.

ಯಾವುದು ವಿಶ್ವಾಸಕ್ಕೆ ಆಧಾರ, ಯಾವುದು ಅಲ್ಲ ಎಂದು ಧರ್ಮಸಭೆ ಕಟ್ಟುನಿಟ್ಟಾಗಿ ಹೇಳಿದೆ. ಆದರೆ ಪಟ್ಟಿಯ ಹೊರಗೆ ಉಳಿದ ಎಲ್ಲವನ್ನೂ ಅದು ಮನೆಯಿಂದ ಅಟ್ಟಲಿಲ್ಲ. ಮರಿಯ ಮಾತೆಯ ತಂದೆತಾಯಿಗಳ ಹೆಸರು ಯಾವ ಶುಭಸಂದೇಶದಲ್ಲಿದೆ? ನಾಲ್ಕರಲ್ಲೂ ಇಲ್ಲ. ಜೋಕಿಮ್ ಮತ್ತು ಅನ್ನ ಎಂಬ ಹೆಸರುಗಳೂ, ಮರಿಯಳ ಜನನದ ವೃತ್ತಾಂತವೂ ನಮಗೆ ಬಂದದ್ದು ಯಾಕೋಬನ ಹೆಸರಿನಲ್ಲಿ ಪ್ರಚಾರದಲ್ಲಿದ್ದ ಎರಡನೆಯ ಶತಮಾನದ ಒಂದು ಗ್ರಂಥದಿಂದ. ಆ ಗ್ರಂಥ ಪಟ್ಟಿಯಲ್ಲಿ ಇಲ್ಲ. ಆದರೂ ಜುಲೈ 26ರಂದು ಅವರಿಬ್ಬರ ಹಬ್ಬವಿದೆ. ಸೆಪ್ಟೆಂಬರ್ 8ರಂದು ಮರಿಯ ಮಾತೆಯ ಜನನದ ಹಬ್ಬವನ್ನು ಕರಾವಳಿಯ ನಮ್ಮವರು ಹೊಸ ತೆನೆ ಮನೆಗೆ ತಂದು ಆಚರಿಸುತ್ತಾರೆ. ಮೂವರು ರಾಯರ ಸಂಖ್ಯೆಯನ್ನಾಗಲೀ ಹೆಸರುಗಳನ್ನಾಗಲೀ ಮತ್ತಾಯನು ಬರೆದಿಲ್ಲ. ಗೋದಲಿಯ ಎತ್ತು, ಕತ್ತೆಗಳು ಲೂಕನ ಶುಭಸಂದೇಶದಲ್ಲಿ ಕಾಣವು. ಹಾಗೆಂದು ಕ್ರಿಸ್ತಜಯಂತಿಯ ಹಿಂದಿನ ದಿನ ಮಗುವಿನ ಕೈಯಿಂದ ಆ ಮಣ್ಣಿನ ಎತ್ತನ್ನು ಕಸಿದುಕೊಳ್ಳುವವರು ಯಾರಿದ್ದಾರೆ?

ಪವಿತ್ರ ಪರಂಪರೆಯನ್ನೂ ಮಾರಾಟದ ಕಾದಂಬರಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿದ್ದೇನೆಂದು ಯಾರೂ ಭಾವಿಸಬಾರದು. ನಾನು ಹೇಳುವುದಿಷ್ಟೇ: ಪಟ್ಟಿ ಒಂದು ಕೆಲಸ ಮಾಡುತ್ತದೆ, ಪ್ರೀತಿ ಇನ್ನೊಂದು ಕೆಲಸ ಮಾಡುತ್ತದೆ. ಪಟ್ಟಿಯ ಹೊರಗೆ ಬಿದ್ದ ಮಾತ್ರಕ್ಕೆ ಒಂದು ಕಥೆ ಓದುಗನಲ್ಲಿ ಮಾಡಿದ ಕೆಲಸ ಅಳಿಸಿಹೋಗುವುದಿಲ್ಲ. ಸಂಸ್ಥೆಯವರಿಗೂ ಇದು ಅರ್ಥವಾದಂತಿದೆ. ದಂತಕಥೆಗೆ ತಳ್ಳಿದ್ದ ಥ್ರಾನ್‌ನನ್ನು 2016ರಲ್ಲಿ ಅವರೇ ದೂರದರ್ಶನ ಸರಣಿಗೆ ಕರೆತಂದರು. 2017ರಲ್ಲಿ ಅವನ ಹೊಸ ಕಾದಂಬರಿಯನ್ನು ಅದೇ ಜಾನ್ ಅವರಿಂದ ಬರೆಸಿದರು. ಆದರೆ ಕಾದಂಬರಿಗಳಲ್ಲಿ ನಾಯಕ ಲ್ಯೂಕನ ಕೈಹಿಡಿದ ಮಾರಾ ಜೇಡ್‌ಗೆ 2015ರಿಂದ 2019ರವರೆಗೆ ಬಂದ ಮೂರು ಚಿತ್ರಗಳಲ್ಲಿ ಸ್ಥಾನ ಸಿಗಲಿಲ್ಲ. ಅವಳು ನಮ್ಮಂಥ ಹಳೆಯ ಓದುಗರ ಅಟ್ಟದಲ್ಲೇ ಉಳಿದಳು.

ಇನ್ನು ಆ ತಾಯಿಯ ಮುಖ್ಯ ಆತಂಕ: 'ಫೋರ್ಸ್' ಎಂಬ ಶಕ್ತಿಯ ವಿಚಾರ. ನಾವು ತಂದೆಯೆಂದು ಕರೆಯುವ ದೇವರು ಅದಲ್ಲ ಎಂಬುದರಲ್ಲಿ ಎರಡು ಮಾತಿಲ್ಲ. ಅದಕ್ಕೆ ಮುಖವಿಲ್ಲ, ಅದು ಯಾರನ್ನೂ ಕ್ಷಮಿಸುವುದಿಲ್ಲ. ಆದರೆ ಅದೇ ಕಥೆಯಲ್ಲಿ ಕ್ಷಮೆ ಇಲ್ಲದಿಲ್ಲ. 1983ರ ಚಿತ್ರದ ಕೊನೆಯಲ್ಲಿ ಮಗನು ಕ್ರೂರಿಯಾದ ತಂದೆಯನ್ನು ಕೊಲ್ಲಲೊಲ್ಲದೆ ಆಯುಧವನ್ನು ಎಸೆಯುತ್ತಾನೆ. ಕೆಟ್ಟುಹೋದ ಆ ತಂದೆ ಮಗನಿಗಾಗಿ ಪ್ರಾಣ ಕೊಟ್ಟು ಮನುಷ್ಯನಾಗುತ್ತಾನೆ. ಕ್ಷಮೆ ಎಲ್ಲಿಂದ ಬಂತು, ಮುಖವಿಲ್ಲದ ಶಕ್ತಿಯಿಂದಲೋ ಮಗನ ಹೃದಯದಿಂದಲೋ ಎಂದು ಹುಡುಗನನ್ನು ಕೇಳಿ ನೋಡಿ. ಒಂದು ಇಡೀ ಧರ್ಮೋಪದೇಶ ತರಗತಿಗೆ ಸಾಕಾಗುವಷ್ಟು ಮಾತು ಹೊರಡುತ್ತದೆ. ಪುಸ್ತಕವನ್ನು ಸುಟ್ಟರೆ ಆ ಮಾತೂ ಅದರೊಂದಿಗೆ ಸುಟ್ಟುಹೋಗುತ್ತದೆ.

ಈ ಓದಿನಲ್ಲಿ ಕೇಡೇ ಇಲ್ಲವೆಂದು ನಾನು ಹೇಳಲಾರೆ. ಇವು ವ್ಯಾಪಾರಕ್ಕೆಂದು ಬರೆಸಿದ ಪುಸ್ತಕಗಳು. ಒಂದು ಕೊಂಡವನು ಹತ್ತು ಕೊಳ್ಳಲೆಂಬುದೇ ಪ್ರಕಾಶಕರ ಆಸೆ. ಹತ್ತರಲ್ಲಿ ಆರು ಸಪ್ಪೆಯಾಗಿರುತ್ತವೆಂಬುದು ನನ್ನ ಅನುಭವ. ಪಾಠ ಬಿಟ್ಟು ಓದುವುದೂ ನಿದ್ದೆಗೆಟ್ಟು ಓದುವುದೂ ತಪ್ಪೇ. ಅದಕ್ಕೆ ಸಮಯ ಗೊತ್ತುಪಡಿಸಿ. ಆದರೆ ಮುನ್ನೂರು ಪುಟಗಳ ಪುಸ್ತಕವನ್ನು ಯಾರ ಒತ್ತಾಯವೂ ಇಲ್ಲದೆ ಓದುವ ಹುಡುಗ ಈ ಮೊಬೈಲಿನ ಕಾಲದಲ್ಲಿ ನಮಗೆ ಸಿಕ್ಕ ವರವೇ ಸರಿ. ಅವನ ಕೈಯಿಂದ ಪುಸ್ತಕ ಕಿತ್ತುಕೊಂಡರೆ ಪಠ್ಯಪುಸ್ತಕ ತಾನಾಗಿಯೇ ಆ ಕೈಗೆ ಬರುತ್ತದೆಂದು ಭಾವಿಸುವುದು ಭ್ರಮೆ. ನನ್ನ ವೃತ್ತಿಜೀವನದಲ್ಲಿ ಹಾಗೆ ಬಂದದ್ದನ್ನು ನಾನು ಕಾಣಲಿಲ್ಲ.

ಆದುದರಿಂದ ತಂದೆತಾಯಿಯರಲ್ಲಿ ನನ್ನ ವಿನಂತಿ ಇಷ್ಟೇ. ರಾತ್ರಿ ಊಟಕ್ಕೆ ಕುಳಿತಾಗ, ನಿನಗೆ ಮೆಚ್ಚಿಗೆಯಾದ ಪಾತ್ರ ಯಾವುದು, ಏಕೆ ಎಂದು ಒಮ್ಮೆ ಕೇಳಿ. ಮುಂದಿನ ಬಾರಿ ಊರಲ್ಲಿ 'ಸುಧನ್ವಾರ್ಜುನ' ಇದ್ದರೆ ಅವನನ್ನೂ ಕರೆದೊಯ್ಯಿರಿ. ತನ್ನ ಪುಸ್ತಕಗಳ ಹಿರಿಯ ನೆಂಟನನ್ನು ಅವನು ಅಲ್ಲಿ ಕಾಣಲಿ. ಧರ್ಮಕೇಂದ್ರಗಳ ಪುಸ್ತಕದ ಕಪಾಟಿನಲ್ಲಿ ಸಂತರ ಚರಿತ್ರೆಗಳ ಪಕ್ಕಕ್ಕೆ ಒಂದು ಸಾಲು ಒಳ್ಳೆಯ ಕಾದಂಬರಿಗಳಿಗೂ ಜಾಗವಿರಲಿ.

ಆ ತಾಯಿಯ ಮಗನಿಗೆ ಒಂದು ಮಾತು. ಬೂಷ್ಟಿನಿಂದ ಪಾರಾದ ನನ್ನ ಪುಸ್ತಕಗಳು ಅಟ್ಟದಲ್ಲಿವೆ. ಪರೀಕ್ಷೆ ಮುಗಿದ ಮೇಲೆ ಬಾ, ಅಪ್ಪನನ್ನೂ ಕರೆದುಕೊಂಡು ಬಾ. ಹೊಗೆಯ ವಾಸನೆ ಸ್ವಲ್ಪ ಇದೆ. ಓದಲು ಏನೂ ತೊಂದರೆಯಿಲ್ಲ.