ಹಕ್ಕಿಗೆ ಹೆಸರಿದೆ, ಆನೆಗೆ ಹೆಸರಿದೆ

ಕೊಡಗಿನ ಮೇಲೆ ಬಂದ ಆ ದಪ್ಪ ರಟ್ಟಿನ, ಹೊಳಪು ಹಾಳೆಯ ಪ್ರವಾಸದ ಪುಸ್ತಕಗಳನ್ನು ಬಿಡಿಸಿ ನೋಡಿ. ಹಕ್ಕಿಯ ಚಿತ್ರವಿದ್ದರೆ ಅಡಿಯಲ್ಲಿ ಅದರ ಹೆಸರಿರುತ್ತದೆ, ಪಕ್ಕದಲ್ಲೇ ಲ್ಯಾಟಿನ್ ಹೆಸರೂ ಇರುತ್ತದೆ. ದುಬಾರೆ ಶಿಬಿರದ ಆನೆಗೆ ಹೆಸರಿದೆ. ತೋಟದ ಬಂಗಲೆಗೆ ಹೆಸರಿದೆ, ಅದನ್ನು ಕಟ್ಟಿಸಿದ ಮನೆತನಕ್ಕೆ ಹೆಸರಿದೆ, ಬಂಗಲೆಯ ನಾಯಿಗೂ ಹೆಸರಿದೆ. ಮುಂದಿನ ಪುಟದಲ್ಲಿ ಒಬ್ಬ ಹೆಂಗಸು. ಅಡಿಯಲ್ಲಿ ಒಂದೇ ಸಾಲು: ಕಾಫಿ ಕುಯ್ಯುತ್ತಿರುವ ಮಹಿಳೆ.

ಆ ಹೆಂಗಸು ನನ್ನ ಅವ್ವ.

ಆ ಚಿತ್ರ ತೆಗೆದದ್ದು ಹೇಗೆಂದು ಅವ್ವ ಹೇಳಿದ್ದಳು. ಕುಯ್ಲಿನ ಸಮಯ. ಸೀರೆಯ ಮೇಲೆ ಅಪ್ಪನ ಹಳೆಯ ತುಂಬುತೋಳಿನ ಅಂಗಿ, ಸೊಂಟಕ್ಕೆ ಕಟ್ಟಿದ ಚೀಲ. ಸಾವುಕಾರರ ಜೊತೆ ಬಂದವರು ಅಂಗಿ ಬಿಚ್ಚು ಅಂದರು, ಚಿತ್ರಕ್ಕೆ ಚೆನ್ನಾಗಿ ಕಾಣುವುದಿಲ್ಲವಂತೆ. ಚೀಲ ಬಿಚ್ಚಿಸಿ ಬಂಗಲೆಯ ಜಗಲಿಯಲ್ಲಿದ್ದ ಬೆತ್ತದ ಬುಟ್ಟಿ ತಂದು ಕೊಟ್ಟರು. ಆ ಅಂಗಿ ತೊಡುವುದೇ ಕೆಂಜಿಗ ಕಚ್ಚದಿರಲಿ ಅಂತ. ಕಾಫಿ ಗಿಡದ ಕೊಂಬೆಯಲ್ಲಿ ಗೂಡು ಕಟ್ಟಿದ ಕೆಂಜಿಗ ಬರಿತೋಳಿಗೆ ಹತ್ತಿದರೆ ಏನಾಗುತ್ತದೆಂದು ಕುಯ್ದವರಿಗೇ ಗೊತ್ತು. ತೋಳಿನ ಮೇಲೆ ಇರುವೆ ಹರಿದಾಡುತ್ತಿತ್ತು. ನಗು ಅಂದರು. ನಕ್ಕಳು. ನಮಗೆ ಕೂಲಿ ಕಿಲೋ ಲೆಕ್ಕದಲ್ಲಿ. ಅವಳು ನಗುತ್ತಾ ನಿಂತ ಹೊತ್ತಿಗೆ ಲೆಕ್ಕ ಬರೆಯುವ ರೈಟರು ಒಂದು ಕಾಸೂ ಬರೆಯಲಿಲ್ಲ.

ಎಷ್ಟೋ ವರ್ಷದ ಮೇಲೆ, ಕಾಲೇಜಿನ ರಜೆಯಲ್ಲಿ ಒಂದು ಹೋಂಸ್ಟೇಯ ರೂಮು ಗುಡಿಸಲು ಹೋಗಿದ್ದಾಗ ಮೇಜಿನ ಮೇಲೆ ಆ ಪುಸ್ತಕ ಕಂಡೆ. ಪುಟ ತಿರುವಿದೆ. ಅವ್ವ ನಗುತ್ತಿದ್ದಳು. ಹಿಂದಿನಿಂದ ಮಾಲೀಕರ ದನಿ: 'ಏಯ್, ಕೈ ತೊಳ್ಕೊಂಡು ಮುಟ್ಟು. ಎಷ್ಟು ಬೆಲೆ ಗೊತ್ತಾ ಅದಕ್ಕೆ?'

ನನ್ನ ಅವ್ವನ ಮುಖ ಮುಟ್ಟಲು ನಾನು ಕೈ ತೊಳೆಯಬೇಕಿತ್ತು.

ನಮ್ಮ ಮುಖ ಹಿಡಿದು ಹೆಸರು ಬಿಡುವ ಈ ರೋಗ ಇವತ್ತು ಶುರುವಾದದ್ದಲ್ಲ. 1817ರಲ್ಲಿ ಲೆಫ್ಟಿನೆಂಟ್ ಕಾನರ್ ಕೊಡಗನ್ನು ಸರ್ವೆ ಮಾಡಿ ವರದಿ ಬರೆದ. 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿ ನಾಡನ್ನೇ ನುಂಗಿತು. 1854ರಲ್ಲಿ ಮಡಿಕೇರಿಯಲ್ಲಿ ಫೌಲರ್ ಎಂಬ ಬಿಳಿಯ ಕಾಫಿ ತೋಟ ಹಾಕಿದ. 1870ರಲ್ಲಿ ಪಾದ್ರಿ ರಿಕ್ಟರ್ ಬರೆದ ಕೊಡಗಿನ ಕೈಪಿಡಿ ಮಂಗಳೂರಿನಲ್ಲಿ ಅಚ್ಚಾಯಿತು. ಅದೇ ಕಾಲಕ್ಕೆ ಲಂಡನ್ನಿನಲ್ಲಿ 'ದಿ ಪೀಪಲ್ ಆಫ್ ಇಂಡಿಯಾ' ಬರುತ್ತಿತ್ತು. 1868ರಿಂದ 1875ರವರೆಗೆ ಎಂಟು ಸಂಪುಟ, 468 ಫೋಟೋ. ಈ ದೇಶದ ಜನರನ್ನು ಜಾತಿವಾರು ವಿಂಗಡಿಸಿ ಅಂಟಿಸಿದ ಆಲ್ಬಮ್ಮು. ಸಿಪಾಯಿ ದಂಗೆಯ ಹೆದರಿಕೆ ಇನ್ನೂ ಆರದ ಸರಕಾರಕ್ಕೆ ತನ್ನ ಕೈಕೆಳಗಿನವರ ಮುಖ ಗುರುತಿರಬೇಕಿತ್ತು, ಹೆಸರು ಬೇಕಿರಲಿಲ್ಲ.

1901ರಲ್ಲಿ ಹಾಲೆಂಡ್ ಎಂಬ ಭೂವಿಜ್ಞಾನಿ ಕೊಡವರನ್ನೂ ನಮ್ಮನ್ನೂ, ಅಂದರೆ ಯರವರನ್ನೂ, ಅಕ್ಕಪಕ್ಕ ಇಟ್ಟು ಅಳೆದು ಪ್ರಬಂಧ ಬರೆದ. ಕಲ್ಲು ಪರೀಕ್ಷಿಸುವುದು ಅವನ ಕಸುಬು. ನಮ್ಮ ಮೂಗು, ತಲೆಬುರುಡೆಗಳೂ ಅವನಿಗೆ ಕಲ್ಲೇ. 1909ರಲ್ಲಿ ಥರ್ಸ್ಟನ್ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಮೇಲೆ ಏಳು ಸಚಿತ್ರ ಸಂಪುಟ ತಂದ. ಅದರಲ್ಲೂ ನಾವಿದ್ದೇವೆ. ಮದರಾಸಿನ ಮ್ಯೂಸಿಯಂ ನೋಡಿಕೊಳ್ಳುತ್ತಿದ್ದ ಅವನು ಹೋದಲ್ಲೆಲ್ಲ ಅಳತೆಯ ಸಲಕರಣೆ ಹೊತ್ತು ಹೋಗುತ್ತಿದ್ದ. ಅಷ್ಟೆಲ್ಲ ಅಳೆದವರಲ್ಲಿ ಒಬ್ಬನಾದರೂ ನಮ್ಮ ಸಾಲ ಅಳೆದನೇ? ಜಮೀನಿನ ಜೊತೆ ಆಳನ್ನೂ ಲೆಕ್ಕ ಹಾಕುತ್ತಿದ್ದ ನಾಡು ಇದು. 1843ರಲ್ಲಿ ಗುಲಾಮಗಿರಿಯ ವಿರುದ್ಧ ಕಾನೂನು ಬಂತು, 1976ರಲ್ಲಿ ಜೀತದ ವಿರುದ್ಧ ಕಾನೂನು ಬಂತು. ನನ್ನ ಅಪ್ಪ ಸಾಯುವವರೆಗೂ ಮುಂಗಡದ ಲೆಕ್ಕ ತೀರಲಿಲ್ಲ.

ಬಿಳಿಯರು ಹೋದರು. ಕ್ಯಾಮೆರಾ ನಮ್ಮವರ ಕೈಗೆ ಬಂತು. ಚೌಕಟ್ಟು ಅದೇ ಉಳಿಯಿತು.

ನಾಗರಹೊಳೆಯ ಪುಸ್ತಕಗಳಿಗೆ ಅತಿ ಪ್ರಿಯವಾದ ಮಾತು 'ಮನುಷ್ಯ ಮುಟ್ಟದ ಕಾಡು'. ಸುಳ್ಳು! ಹಸಿ ಸುಳ್ಳು! ಆ ಕಾಡಿನಲ್ಲಿ ಜೇನುಕುರುಬರ ಹಾಡಿಗಳಿದ್ದವು, ದೇವರಿದ್ದವು, ಹೂತ ಹೆಣಗಳಿವೆ. ಕಾಡುಪ್ರಾಣಿಗಳ ಹೆಸರಿನಲ್ಲಿ ಅವರಲ್ಲಿ ಹಲವರನ್ನು ಹೊರಹಾಕಿ, 1990ರ ದಶಕದಲ್ಲಿ ಅದೇ ಕಾಡಿನ ಮೂರ್ಕಲ್‌ನಲ್ಲಿ ಐಷಾರಾಮಿ ರೆಸಾರ್ಟು ಎಬ್ಬಿಸಲು ಹೊರಟಿದ್ದರು. ಆದಿವಾಸಿಗಳು ಬೀದಿಗಿಳಿದರು, 1997ರಲ್ಲಿ ಹೈಕೋರ್ಟು ತಡೆಯಿತು. ಜೇನು ಕೀಳುವವನು ಇದ್ದರೆ ಕಾಡು ಕೆಡುತ್ತದೆ, ಕೋಣೆಗೆ ಸಾವಿರಾರು ರೂಪಾಯಿ ಕೊಡುವವನು ಬಂದರೆ ಕೆಡುವುದಿಲ್ಲ ಎಂಬ ನ್ಯಾಯ ಯಾವ ಶಾಸ್ತ್ರದ್ದು? 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ 500ಕ್ಕೂ ಹೆಚ್ಚು ಆದಿವಾಸಿ ಕುಟುಂಬಗಳ ಗುಡಿಸಲು ಕೆಡವಿದರು. ತೋಟದ ಕೂಲಿಗಳ ಲೈನ್ ಮನೆಯ ಜೀತ ಸಾಕೆಂದು ಹೊರಬಂದು ಗೂಡು ಕಟ್ಟಿಕೊಂಡವರು ಅವರಲ್ಲಿದ್ದರು. ಪತ್ರಿಕೆಗಳು ಆ ಚಿತ್ರ ಹಾಕಿದವು. ನಿಮ್ಮ ಹೊಳಪು ಹಾಳೆಯ ಪುಸ್ತಕದಲ್ಲಿ ಅದನ್ನು ನಾನು ಇನ್ನೂ ಕಂಡಿಲ್ಲ. ಮಂಜು ಮುಸುಕಿದ ಬೆಟ್ಟದ ಪಕ್ಕ ಜೆಸಿಬಿ ಚೆನ್ನಾಗಿ ಕಾಣುವುದಿಲ್ಲ.

ನಮ್ಮ ಕುಂಡೆ ಹಬ್ಬ ಮಾತ್ರ ನಿಮಗೆ ಬೇಕು. ಮೇ ತಿಂಗಳಲ್ಲಿ ದೇವರಪುರಕ್ಕೆ ಲೆನ್ಸು ಹಿಡಿದು ಓಡಿ ಬರುತ್ತೀರಿ. ಸೀರೆ ಉಟ್ಟು, ಮುಖಕ್ಕೆ ಬಣ್ಣ ಬಳಿದ ನಮ್ಮ ಗಂಡಸರು ನಿಮಗೆ 'ವರ್ಣರಂಜಿತ'. ಅವರು ಬೈಯುವುದು ನಿಮಗೆ ತಮಾಷೆ. ಕಾಡಿನಿಂದ ಕರೆತಂದು ನಡುದಾರಿಯಲ್ಲಿ ಕೈಬಿಟ್ಟ ದೇವರನ್ನು ಅವರು ಬೈಯುತ್ತಾರೆ. ಕರೆತಂದು ಕೈಬಿಟ್ಟವರು ಇನ್ನೂ ಎಷ್ಟು ಜನರಿದ್ದಾರೆಂದು ಒಮ್ಮೆ ಲೆಕ್ಕ ಹಾಕಿ. ಆಮೇಲೆ ಆ ಬೈಗುಳ ಯಾರ ಮೇಲೆಂದು ಹೇಳಿ.

ಚಿತ್ರಪುಸ್ತಕದ ಮೇಲೆ ನನಗೆ ದ್ವೇಷವಿಲ್ಲ. ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಓದಿ ಬೆಳೆದವರಲ್ಲಿ ನಾನೂ ಒಬ್ಬ. ಕಾಡು ಸುತ್ತಿದ ಆ ಸಸ್ಯವಿಜ್ಞಾನಿ ಗಿಡಗಳ ಚಿತ್ರವನ್ನು ತಾವೇ ಬರೆದರು, ಹೆಸರು ತಪ್ಪದಂತೆ ಹೇಳಿದರು. 1978ರಲ್ಲಿ ಆ ಪುಸ್ತಕಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಇಷ್ಟು ಶ್ರದ್ಧೆಯಿಂದ ನೋಡಲು ಕನ್ನಡದ ಕಣ್ಣಿಗೆ ಬರುತ್ತದೆ. ಗಿಡಕ್ಕೆ ಕೊಟ್ಟ ಮರ್ಯಾದೆಯನ್ನು ಗಿಡದ ಬುಡದಲ್ಲಿ ನಿಂತ ಮನುಷ್ಯರಿಗೆ ಏಕೆ ಕೊಡುವುದಿಲ್ಲ ಎಂಬುದೇ ನನ್ನ ಜಗಳ.

ಮರುಕ ಬೇಡ. ಮುನ್ನುಡಿಯಲ್ಲಿ 'ಮುಗ್ಧ ಗಿರಿಜನರು' ಎಂದು ಬರೆಯಬೇಡಿ, ನಾವು ಮುಗ್ಧರಲ್ಲ. ಚಿತ್ರ ತೆಗೆಯುವ ಮೊದಲು ಕೇಳಿ, ಸಾವುಕಾರರನ್ನಲ್ಲ, ಅವಳನ್ನು. ಬೇಡ ಅಂದರೆ ನಡೆಯಿರಿ. ಹೂಂ ಅಂದರೆ ನಿಂತ ಹೊತ್ತಿನ ಕೂಲಿ ಕೊಡಿ, ಅಚ್ಚಾದ ಪುಸ್ತಕದ ಒಂದು ಪ್ರತಿಯನ್ನು ಲೈನ್ ಮನೆಗೆ ತಂದು ಕೊಡಿ. ಬಂಗಲೆಯ ಜಗಲಿ ತೋರಿಸಿದ ಪುಸ್ತಕ ಲೈನ್ ಮನೆಯ ಸೋರುವ ಶೀಟನ್ನೂ ತೋರಿಸಲಿ. ಅಡಿಯಲ್ಲಿ ಅವಳ ಹೆಸರು ಹಾಕಿ, ಹಾಡಿಯ ಹೆಸರು ಹಾಕಿ, ಆ ದಿನದ ಕೂಲಿ ಎಷ್ಟೆಂದೂ ಹಾಕಿ.

ಇಷ್ಟು ಮಾಡಲಾಗದಿದ್ದರೆ ನಮ್ಮ ಮುಖ ಬಿಟ್ಟು ಪುಸ್ತಕ ಮಾಡಿ. ಕುಯ್ಯುವವರಿಲ್ಲದ ತೋಟ, ಹೊರುವವರಿಲ್ಲದ ಮೂಟೆ, ಗುಡಿಸುವವರಿಲ್ಲದ ರೂಮು ಹೇಗಿರುತ್ತದೆಂದು ನಿಮ್ಮ ಓದುಗರೂ ಒಮ್ಮೆ ನೋಡಲಿ.